ಹಳ್ಳದಾಚೆಯವನ ನಗು

“ಗುರುಗಳೇ, ಈ ಸಲ ಹೊಸತೊಡಕಿಗೆ ಟಗರಿನ ಪೇಟೆ ಏರುತ್ತದೆಯೋ, ಇಳಿಯುತ್ತದೆಯೋ?” ಎಂದು ಶಿಷ್ಯ ಕೇಳಿದ.

ಗುರುಗಳು ಜಗಲಿಯ ಮೇಲೆ ಕೂತು ಕಂಬಳಿಗೆ ಹತ್ತಿದ ಮುಳ್ಳು ಕೀಳುತ್ತಿದ್ದರು. ಯಾರಾದರೂ ಮೋಕ್ಷದ ವಿಷಯ ಕೇಳಿದರೆ ಅವರು ಮುಳ್ಳು ಕೀಳುತ್ತಲೇ ಉತ್ತರ ಹೇಳುವುದು ವಾಡಿಕೆ. ಇದನ್ನು ಕೇಳಿದಾಗ ಕೈ ನಿಲ್ಲಿಸಿದರು.

ಅದು ಕುರಿಗಾರರ ಮಠ. ಅಲ್ಲಿ ಮಾಂಸ ಬೇಯುತ್ತಿರಲಿಲ್ಲ. ಆದರೆ ಹರಕೆ ಹೊತ್ತವರು ಟಗರು ತಂದು ಕಟ್ಟಿಹೋದರೆ ಬೇಡವೆನ್ನುವ ಪದ್ಧತಿಯೂ ಇರಲಿಲ್ಲ. ಬಂದ ಟಗರುಗಳನ್ನು ಎರಡು ಹಿಂಡು ಮಾಡಿ ಇಬ್ಬರು ಶಿಷ್ಯರಿಗೆ ಒಪ್ಪಿಸಿದ್ದರು. ಒಂದು ಹಿಂಡು ಈ ಶಿಷ್ಯನದು, ಇನ್ನೊಂದು ಜುಂಜಯ್ಯನದು. ಯುಗಾದಿಯ ಮರುದಿನ ಹೊಸತೊಡಕು. ನಾಡಿಗೆ ನಾಡೇ ಬಾಡೂಟಕ್ಕೆ ಕೂರುವ ದಿನ. ಅದಕ್ಕೆ ಮುಂಚಿನ ಸಂತೆಯಲ್ಲಿ ಎರಡು ಹಿಂಡನ್ನೂ ಮಾರುತ್ತಿದ್ದರು. ಬಂದದ್ದರಲ್ಲಿ ಮಠದ ದಾಸೋಹ ನಡೆಯುತ್ತಿತ್ತು.

ಹಿಂದಿನ ದಿನ ಬೆಳಿಗ್ಗೆ ಜುಂಜಯ್ಯ ಗುರುಗಳ ಕೋಣೆಗೆ ಹೋಗಿದ್ದ. ಬಾಗಿಲು ಹಾಕಿತ್ತು. ಬಹಳ ಹೊತ್ತಿನ ಮೇಲೆ ಹೊರಗೆ ಬಂದಾಗ ಅವನ ಹೆಗಲು ನಗುವಿನಿಂದ ಕುಲುಕುತ್ತಿತ್ತು. ಅಂಗಳದಲ್ಲಿ ಟಗರುಗಳಿಗೆ ನೀರು ಕುಡಿಸುತ್ತಿದ್ದ ಶಿಷ್ಯ ಅದನ್ನು ನೋಡಿದ. ಅಂದಿನಿಂದ ಅವನಿಗೆ ಪೇಟೆಯ ಬಗ್ಗೆ ಜಿಜ್ಞಾಸೆ ಹುಟ್ಟಿತು.

“ಜುಂಜಯ್ಯ ನಿನಗೆ ಏನಾದರೂ ಹೇಳಿದನೋ?” ಎಂದು ಗುರುಗಳು ಕೇಳಿದರು.

“ಅವನ ಸುದ್ದಿ ನನಗೇಕೆ ಗುರುಗಳೇ? ನಾನು ಕೇಳಿದ್ದು ಟಗರಿನದು.”

“ಹಾಗಾದರೆ ಟಗರಿನದೇ ಹೇಳುತ್ತೇನೆ. ಕೂತುಕೋ,” ಎಂದು ಗುರುಗಳು ಕತೆ ಶುರುಮಾಡಿದರು.

ಒಂದು ಹಳ್ಳದ ಈಚೆ ದಡದಲ್ಲಿ ಒಬ್ಬ ಕುರಿಗಾರನಿದ್ದ. ಆಚೆ ದಡದಲ್ಲಿ ಇನ್ನೊಬ್ಬನಿದ್ದ. ಆ ಇನ್ನೊಬ್ಬನಿಗೂ ಹೆತ್ತವರು ಇಟ್ಟ ಹೆಸರಿತ್ತು. ಕುರಿಗಾರ ಮಾತ್ರ ಅದನ್ನು ಬಾಯಿಗೆ ತರುತ್ತಿರಲಿಲ್ಲ. ‘ಆಚೆಯವನು’ ಎನ್ನುತ್ತಿದ್ದ. ಅಷ್ಟು ಹೇಳಿದರೆ ಅವನ ಹೆಂಡತಿಗೆ ಅರ್ಥವಾಗುತ್ತಿತ್ತು. ಏನೂ ಹೇಳದಿದ್ದರೂ ಅರ್ಥವಾಗುತ್ತಿತ್ತು.

ಇಬ್ಬರದೂ ಒಂದೇ ಬದುಕು. ಹೆಣ್ಣುಕುರಿಗಳನ್ನು ಉಳಿಸಿಕೊಳ್ಳುವುದು, ಗಂಡುಮರಿಗಳನ್ನು ಮೇಯಿಸಿ ಕೊಬ್ಬಿಸುವುದು, ಹೊಸತೊಡಕಿನ ಸಂತೆಯಲ್ಲಿ ಮಾರುವುದು. ಬೇಸಿಗೆಗೆ ಊರ ಕೆರೆ ಬತ್ತಿದಾಗ ಅದರ ಅಂಗಳದಲ್ಲಿ ಹುಲ್ಲು ನಿಲ್ಲುತ್ತಿತ್ತು. ಆ ಹುಲ್ಲಿಗೆ ಊರಿನವರು ಹಬ್ಬದ ಮರುವಾರವೇ ಕೈಗೆ ಕಾಸು ಕೇಳುತ್ತಿದ್ದರು. ಟಗರು ಮಾರಿದ ಕಾಸಿನಲ್ಲಿ ಅರ್ಧ ಅಂಗಳ ಇವನು ಹಿಡಿಯುತ್ತಿದ್ದ, ಇನ್ನರ್ಧ ಅವನು. ಮಳೆ ಬರುವವರೆಗೆ ಹೆಣ್ಣುಕುರಿಗಳು ಬದುಕುತ್ತಿದ್ದುದು ಅದರಿಂದಲೇ. ಟಗರು ಮಾರುವುದು ತಾಯಿಕುರಿಯ ಹೊಟ್ಟೆಗಾಗಿ ಎಂದು ಕುರಿಗಾರನ ಅಪ್ಪ ಹೇಳುತ್ತಿದ್ದ. ಅಪ್ಪ ಹೇಳಿದ್ದೆಲ್ಲ ಕುರಿಗಾರನಿಗೆ ನೆನಪಿತ್ತು. ನೆನಪಿಗೆ ಏನೂ ಕೊರತೆ ಇರಲಿಲ್ಲ.

ಆ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವಂತಿಲ್ಲ. ವ್ಯಾಪಾರಿ ಹೆಗಲ ಮೇಲಿನ ಟವಲು ತೆಗೆದು ಹರವುತ್ತಾನೆ. ಅದರ ಕೆಳಗೆ ಅವನ ಕೈಯೂ ಮಾರುವವನ ಕೈಯೂ ಸೇರುತ್ತವೆ. ಬೆರಳು ಹಿಡಿದರೆ ಒಂದು ದರ, ಗೆಣ್ಣು ಒತ್ತಿದರೆ ಇನ್ನೊಂದು. ಮೇಲೆ ಬಾಯಿ ಮಳೆಯ ಮಾತಾಡುತ್ತಿರುತ್ತದೆ, ಮಕ್ಕಳು ಮರಿ ಚೆನ್ನಾಗಿದ್ದಾರಾ ಎಂದು ಕೇಳುತ್ತಿರುತ್ತದೆ. ಒಪ್ಪಿಗೆಯಾದರೆ ಅಂಗೈ ಹಿಡಿದು ಅದುಮುತ್ತಾರೆ. ಇಲ್ಲದಿದ್ದರೆ ಕೈ ಹೊರಗೆ ಬರುತ್ತದೆ. ಯಾರ ದರ ಎಷ್ಟೆಂದು ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಮನೆಗೆ ಬಂದು ಬಾಯಿಬಿಟ್ಟವನನ್ನು ಮುಂದಿನ ಸಂತೆಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಒಬ್ಬನ ದರ ಕೇಳಿ ಇನ್ನೊಬ್ಬನ ಹೊಟ್ಟೆ ಉರಿಯಬಾರದೆಂದು ಹಿರಿಯರು ಮಾಡಿದ ಕಟ್ಟು ಇದು. ಹಿರಿಯರು ಕೈ ಮುಚ್ಚಿದರು. ಮುಖ ಮುಚ್ಚಬೇಕೆಂಬುದು ಅವರಿಗೆ ಹೊಳೆಯಲಿಲ್ಲ.

ಒಂದು ವರ್ಷ ಕುರಿಗಾರನಿಗೆ ಒಳ್ಳೆಯ ದರ ಸಿಕ್ಕಿತು. ಅಂಗೈ ಅದುಮಿ, ಟಗರು ಒಪ್ಪಿಸಿ, ಸಂತೆಯ ಕೊನೆಯ ಅಂಗಡಿಯಲ್ಲಿ ಹೆಂಡತಿಗೆ ಬಳೆ ನೋಡುತ್ತಿದ್ದ. ಅಷ್ಟರಲ್ಲಿ ಆಚೆಯವನು ಒಂದು ಟವಲಿನ ಕೆಳಗಿನಿಂದ ಕೈ ಎಳೆದುಕೊಂಡು ಹೊರಗೆ ಬಂದದ್ದು ಕಣ್ಣಿಗೆ ಬಿತ್ತು. ಅವನು ನಗುತ್ತಿದ್ದ. ಬಾಯಿ ಮುಚ್ಚಿಕೊಂಡರೂ ನಗು ನಿಲ್ಲುತ್ತಿರಲಿಲ್ಲ.

ಕುರಿಗಾರ ಬಳೆ ಕೆಳಗಿಟ್ಟ. ಅಲ್ಲಿಯವರೆಗೆ ಸಾಕಾಗಿದ್ದ ದರ ಅಲ್ಲಿಂದಾಚೆಗೆ ಸಾಲದಾಯಿತು.

ಮುಂದಿನ ವರ್ಷವೂ ಆಚೆಯವನು ನಕ್ಕ. ಅದರ ಮುಂದಿನ ವರ್ಷವೂ ನಕ್ಕ. ಸಾಲದ್ದಕ್ಕೆ ವ್ಯಾಪಾರಿಗಳೆಲ್ಲ ಸಂತೆಗೆ ಬಂದವರೇ ಮೊದಲು ಅವನನ್ನು ಹುಡುಕುತ್ತಿದ್ದರು. ಕುರಿಗಾರನ ಹತ್ತಿರ ಬರುವ ಹೊತ್ತಿಗೆ ಅವರ ಟವಲು ಬೆವರಿರುತ್ತಿತ್ತು.

ಕುರಿಗಾರ ಹಳ್ಳದಾಚೆ ನೋಡುವುದನ್ನು ಕಲಿತ. ಆಚೆಯವನ ಕುರಿರೊಪ್ಪಕ್ಕೆ ಹೊಸ ಬಾಗಿಲು ಬಂದರೆ ಇವನು ಅದರಲ್ಲಿ ದರ ಎಣಿಸುತ್ತಿದ್ದ. ಅವನ ಹೆಂಡತಿ ತಂತಿಗೆ ಹಾಕಿದ ಸೀರೆ ಗಾಳಿಗೆ ಹಾರಿದರೆ ಅದರಲ್ಲೂ ಎಣಿಸುತ್ತಿದ್ದ. ಆಚೆಯವನ ನಾಯಿ ಕೊಬ್ಬಿತ್ತು. ಅದು ಬೊಗಳಿದಾಗಲೆಲ್ಲ ಕುರಿಗಾರನಿಗೆ ದರ ಕೇಳಿಸುತ್ತಿತ್ತು.

ಒಂದು ಸಲ ತಾನೂ ಟವಲಿನಿಂದ ಕೈ ತೆಗೆದವನೇ ನಕ್ಕುಬಿಡಬೇಕೆಂದು ನಿಶ್ಚಯಿಸಿದ. ಆಚೆಯವನಿಗೂ ಒಂದಿಷ್ಟು ಉರಿಯಲಿ ಎಂದು. ರೊಪ್ಪದಲ್ಲಿ ಟಗರುಗಳ ಮುಂದೆ ನಿಂತು ಅಭ್ಯಾಸ ಮಾಡಿದ. ಹೆಂಡತಿ ನೋಡಿ, “ಹಲ್ಲು ನೋಯ್ತಿದೆಯಾ? ಲವಂಗ ತರ್ಲಾ?” ಎಂದಳು. ಆ ಉಪಾಯವನ್ನು ಅಲ್ಲಿಗೇ ಬಿಟ್ಟ.

ಅವಳು ಇನ್ನೊಮ್ಮೆ ನೇರವಾಗಿ ಕೇಳಿದಳು. “ಹೋದ ವರ್ಷ ಬಂದಿದ್ದು ಸಾಲದೆ ಹೋಯ್ತಾ?”

“ಸಾಕಾಗಿತ್ತು.”

“ಕೆರೆ ಹುಲ್ಲು ಹಿಡಿದ್ರಿ. ಕುರಿ ಒಂದೂ ಸಾಯ್ಲಿಲ್ಲ. ಮತ್ತೇನು?”

“ಅವನು ನಗ್ತಿದ್ದ.”

“ನಗ್ಲಿ ಬಿಡಿ. ನಗೋಕೇನು ಸುಂಕ ಇದೆಯಾ?”

“ದರ ಸಿಗದೆ ಸಂತೇಲಿ ನಗೋನು ಹುಚ್ಚ,” ಎಂದ ಕುರಿಗಾರ. “ಅವನು ಹುಚ್ಚ ಅಲ್ಲ.”

ಅವಳು ಒಲೆಯ ಕಡೆ ತಿರುಗಿದಳು. ಮಾತು ಸರಿಯಾಗಿಯೇ ಇತ್ತು.

ಹೀಗಿರಲು ಒಂದು ವರ್ಷ ಪೇಟೆ ಏರುವ ಸೂಚನೆ ಕಾಣಿಸಿತು. ಅದನ್ನು ಎಲ್ಲರಿಗಿಂತ ಮೊದಲು ಕಂಡವನು ಈ ಕುರಿಗಾರನೇ. ಹಿಂದಿನ ಬೇಸಿಗೆಗಳಲ್ಲಿ ಮೇವು ಸಾಲದೆ ಸುತ್ತಿನ ಹಟ್ಟಿಗಳವರು ಹೆಣ್ಣುಕುರಿಗಳನ್ನೇ ಕಸಾಯಿಗೆ ಕೊಟ್ಟಿದ್ದರು. ಮರಿ ಹಾಕುವವಳನ್ನೇ ಮಾರಿದ ಮೇಲೆ ಟಗರು ಎಲ್ಲಿಂದ ಹುಟ್ಟಬೇಕು? ಟಗರು ಕಡಿಮೆಯಾಗುತ್ತದೆ, ತಿನ್ನುವ ಬಾಯಿ ಕಡಿಮೆಯಾಗುವುದಿಲ್ಲ, ಆದ್ದರಿಂದ ದರ ಏರಲೇಬೇಕು ಎಂದು ಅವನು ಹೇಳಿದ. ಅದರಂತೆಯೇ ಆಯಿತು. ಪೇಟೆಯ ವಿಷಯದಲ್ಲಿ ಅವನ ಲೆಕ್ಕ ಎಂದೂ ತಪ್ಪಿದ್ದಿಲ್ಲ.

ಆದರೆ ದರ ಏರಿದರೆ ಹಳ್ಳದಾಚೆಯೂ ಏರುತ್ತದಲ್ಲ ಎಂಬುದೊಂದು ಅವನನ್ನು ಕಾಡಿತು. ತನಗೆ ಹೀಗೆ ಸಿಗುವುದಾದರೆ, ದರ ಏರದ ವರ್ಷಗಳಲ್ಲೇ ಅಷ್ಟು ನಗುತ್ತಿದ್ದವನು ಈ ವರ್ಷ ಎಷ್ಟು ನಕ್ಕಾನು?

ಹೊಸತೊಡಕಿನ ಸಂತೆ ಬಂತು. ಕುರಿಗಾರ ಟಗರುಗಳ ಕೊಂಬಿಗೆ ಎಣ್ಣೆ ಸವರಿ ಹೊಡೆದುಕೊಂಡು ಹೋದ. ಒಬ್ಬ ವ್ಯಾಪಾರಿ ಬಂದು ಟಗರುಗಳ ಬೆನ್ನು ಒತ್ತಿ ನೋಡಿ, ತಲೆದೂಗಿ, ಟವಲು ಹರವಿದ. ಕುರಿಗಾರ ಕೈ ಇಟ್ಟ.

ವ್ಯಾಪಾರಿ ಹಿಡಿದ ಬೆರಳುಗಳನ್ನು ಕುರಿಗಾರ ಮೊದಲು ನಂಬಲಿಲ್ಲ. ಅವನ ಅಪ್ಪನ ಕಾಲದಲ್ಲಾಗಲಿ ತಾತನ ಕಾಲದಲ್ಲಾಗಲಿ ಯಾವ ಕೈಯೂ ಆ ದರ ಹಿಡಿದಿರಲಿಲ್ಲ. ಕೆರೆಯಂಗಳದ ಹುಲ್ಲು ಆಯಿತು, ಮನೆಗೆ ಹೆಂಚು ಆಯಿತು, ಬಿಟ್ಟುಬಂದಿದ್ದ ಬಳೆಯೂ ಆಯಿತು. ಇನ್ನು ಅಂಗೈ ಅದುಮುವುದೊಂದು ಬಾಕಿ. ಅದುಮಲು ಹೆಬ್ಬೆರಳು ಎತ್ತಿದ್ದ.

ಆಗ ಸಂತೆಯ ಆ ತುದಿಯಿಂದ ಒಂದು ನಗು ಕೇಳಿಸಿತು.

ವ್ಯಾಪಾರಿಯ ಹೆಗಲ ಮೇಲಿಂದ ಕುರಿಗಾರ ಇಣುಕಿದ. ಆಚೆಯವನು ಇನ್ನೊಬ್ಬ ವ್ಯಾಪಾರಿಯ ಮುಂದೆ ನಿಂತು ಹಿಂದೆಂದೂ ನಗದ ಹಾಗೆ ನಗುತ್ತಿದ್ದ. ತಲೆ ಹಿಂದಕ್ಕೆ ಹೋಗಿತ್ತು. ಕಣ್ಣಲ್ಲಿ ನೀರಿತ್ತು. ಪಕ್ಕದವನ ಭುಜ ಹಿಡಿದುಕೊಂಡು ನಿಂತಿದ್ದ.

ಕುರಿಗಾರ ಕೈ ಹಿಂದಕ್ಕೆ ಎಳೆದುಕೊಂಡ.

“ಯಾಕಣ್ಣ, ಚೇಳು ಕುಟುಕ್ತಾ?” ಎಂದು ವ್ಯಾಪಾರಿ ಕೇಳಿದ.

“ಇನ್ನೂ ಮೇಲೆ ಹಿಡಿ.”

“ಇದಕ್ಕಿಂತ ಮೇಲೆ ಹಿಡಿಯೋಕೆ ನನ್ನ ಕೈಯಲ್ಲಿ ಬೆರಳಿಲ್ಲ ಕಣಣ್ಣ.”

“ಕೆಲವರಿಗಾದ್ರೆ ಬೆರಳು ಹುಟ್ಕೊಳ್ತವೆ.”

“ಯಾರಿಗೆ?”

ಕುರಿಗಾರ ಹೇಳಲಿಲ್ಲ. ಹೇಳಿದ್ದರೆ ಹೆಸರು ಬಾಯಿಗೆ ಬರಬೇಕಾಗಿತ್ತು. ಹೆಸರು ಹೇಳಿದ್ದರೆ ವ್ಯಾಪಾರಿ ಒಂದು ಮಾತು ಹೇಳುತ್ತಿದ್ದ. ವ್ಯಾಪಾರಿ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಮುಂದೆ ಹೋದ.

ಒಬ್ಬನಿಂದ ಕೈ ಎಳೆದುಕೊಂಡವನಿಗೆ ಮುಂದಿನವನು ಕಡಿಮೆಯೇ ಹಿಡಿಯುವುದು ಸಂತೆಯ ನಡಾವಳಿ. ಎರಡನೆಯವನು ಕಡಿಮೆ ಹಿಡಿದ. ಅವನ ನಂತರದವನು ಇನ್ನೂ ಕಡಿಮೆ ಹಿಡಿದ. ಹೊತ್ತು ಇಳಿದಾಗ ಗಾಡಿಗಳು ತುಂಬಿ ಪಟ್ಟಣದ ಕಡೆ ಹೊರಟಿದ್ದವು. ಕುರಿಗಾರ ಎಣ್ಣೆ ಸವರಿದ ಕೊಂಬುಗಳನ್ನು ಬಂದ ದಾರಿಯಲ್ಲೇ ಹೊಡೆದುಕೊಂಡು ಮನೆಗೆ ಬಂದ.

ಹೊಸತೊಡಕು ಕಳೆಯಿತು. ನಾಡಿಗೆ ನಾಡೇ ಸೊಪ್ಪಿನ ಸಾರಿಗೆ ತಿರುಗಿತು. ಮರುವಾರದ ಸಂತೆಯಲ್ಲಿ ಟಗರಿನ ದರ ನೆಲ ಹಿಡಿದಿತ್ತು.

“ಸಿಕ್ಕಷ್ಟಕ್ಕೆ ಕೊಟ್ಟುಬಿಡಿ,” ಎಂದಳು ಹೆಂಡತಿ. “ಅರ್ಧ ಬೇಡ, ಕಾಲುಭಾಗ ಅಂಗಳವನ್ನಾದ್ರೂ ಹಿಡಿಯೋಣ.”

“ಈ ದರಕ್ಕೆ ಕೊಟ್ಟರೆ ಆಚೆಯವನ ಕಿವಿಗೆ ಬೀಳುತ್ತೆ.”

“ಟವಲ್ ಕೆಳಗಿನದು ಹೆಂಗ್ರೀ ಬೀಳುತ್ತೆ?”

“ನನ್ನ ಮುಖ ನೋಡಿದ್ರೆ ತಿಳಿಯುತ್ತೆ,” ಎಂದ ಕುರಿಗಾರ. ಮುಖ ನೋಡಿ ದರ ತಿಳಿಯಬಹುದೆಂಬುದರಲ್ಲಿ ಅವನಿಗೆ ಸಂದೇಹವಿರಲಿಲ್ಲ. ಅವನು ಅದನ್ನೇ ವರ್ಷಗಟ್ಟಲೆ ಮಾಡಿಕೊಂಡು ಬಂದಿದ್ದ.

ಟಗರುಗಳನ್ನು ಮುಂದಿನ ಹಬ್ಬಕ್ಕೆ ಉಳಿಸಿಕೊಂಡ. ಕೆರೆಯಂಗಳ ಕೈತಪ್ಪಿತು. ಈ ಅರ್ಧವನ್ನೂ ಆಚೆಯವನೇ ಹಿಡಿದ. ರೊಪ್ಪದಲ್ಲಿ ಕೂಡಿಟ್ಟಿದ್ದ ಹುರುಳಿ ಹೊಟ್ಟನ್ನು ಟಗರುಗಳು ತಿಂದವು; ಜಾಲಿಕಾಯಿಯನ್ನೂ ತಿಂದವು. ಗಬ್ಬದ ಕುರಿಗಳ ಬೆನ್ನಮೂಳೆ ಕಾಣಿಸತೊಡಗಿತು. ಒಂದು ಬೆಳಿಗ್ಗೆ ಎರಡು ಕುರಿ ಮೇಲೇಳಲಿಲ್ಲ.

ಅಂದು ಹೆಂಡತಿ ಗಂಡನನ್ನು ಕೇಳದೆ ಹಳ್ಳ ದಾಟಿದಳು. ತಿರುಗಿ ಬಂದು, “ಹುಲ್ಲಿರೋದು ಅವರೊಬ್ಬರ ಹತ್ತಿರ. ಕುರಿ ಕೊಂಡ್ಕೊಳ್ತಾರಂತೆ. ಬರೋಕೆ ಹೇಳಿದೀನಿ,” ಎಂದಳು. “ಸಾಯೋದಕ್ಕಿಂತ ಹಳ್ಳದಾಚೆ ಬದುಕ್ಲಿ.”

ಆಚೆಯವನು ಬಂದ. ಬಂದವನು ಸೌದೆ ಕಡ್ಡಿಯ ಹಾಗೆ ಬಡಕಲಾಗಿದ್ದ ಕುರಿಗಳನ್ನು ನೋಡಿ ನಗಲಿಲ್ಲ. ಒಂದು ಕುರಿಯ ಕಿವಿ ಸವರುತ್ತ, “ಟವಲೆಲ್ಲ ಯಾಕೆ ಭಾವ, ನಾವು ನಾವೇ. ಎಷ್ಟು ಅಂತ ಬಾಯಲ್ಲೇ ಹೇಳಿಬಿಡಿ,” ಎಂದ.

“ಪದ್ಧತಿ ಪದ್ಧತೀನೇ,” ಎಂದ ಕುರಿಗಾರ.

ಅವನಿಗೆ ಪದ್ಧತಿಯ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಇಷ್ಟು ವರ್ಷ ಹೊರಗಿನಿಂದ ನೋಡಿದ ಆ ಕೈಯನ್ನು ಒಂದು ಸಲ ಒಳಗೆ ಹಿಡಿದು ನೋಡಬೇಕಿತ್ತು. ಮರಿ ಹಾಕುವ ಕುರಿಗಳು ಹೋದರೆ ಹೋಗಲಿ, ಆ ಕೈಗೆ ಬೀಳುವ ದರ ಎಂಥದೆಂದು ಗೊತ್ತಾಗಬೇಕಿತ್ತು. ತನ್ನದೇ ಟವಲು ಹರವಿದ. ಆಚೆಯವನು ಹಿಂಜರಿಯುತ್ತ ಕೈ ಇಟ್ಟ.

ಕುರಿಗಾರ ಒಂದು ಬೆರಳು ಹಿಡಿದ. ಆಚೆಯವನ ತುಟಿ ಅದುರಿತು. ಕುರಿಗಾರ ಇನ್ನೊಂದು ಬೆರಳು ಹಿಡಿದ. ಆಚೆಯವನು ನಕ್ಕ. ಕುರಿಗಾರ ಹಟ ಹಿಡಿದು ಎಲ್ಲ ಬೆರಳನ್ನೂ ಸೇರಿಸಿ ಅದುಮಿದ. ಆಚೆಯವನು ಕಿರುಚಿದ ಹಾಗೆ ನಕ್ಕು, ಕೈ ಕಿತ್ತುಕೊಂಡು, ಎರಡು ಹೆಜ್ಜೆ ಹಿಂದೆ ಹಾರಿದ.

“ಯಾಕೆ ನಗ್ತೀಯ?” ಎಂದ ಕುರಿಗಾರ. “ನನ್ನ ಮನೆ ಮುಳುಗಿದ್ದು ನಿನಗೆ ನಗೆಪಾಟಲಾ?”

“ನಿಮ್ಮಾಣೆ ಇಲ್ಲ ಭಾವ,” ಎಂದು ಆಚೆಯವನು ಕಣ್ಣೊರೆಸಿಕೊಂಡ. “ತಪ್ಪು ತಿಳೀಬೇಡಿ. ನಂಗೆ ಅಂಗೈ ಮುಟ್ಟಿದ್ರೆ ಕಚಗುಳಿ. ಚಿಕ್ಕಂದಿನಿಂದ ಹಿಂಗೇ. ಅದಕ್ಕೇ ಬಾಯಲ್ಲಿ ಹೇಳಿ ಅಂದಿದ್ದು. ಸಂತೇಲಿ ಇದೇ ಗೋಳು. ವ್ಯಾಪಾರಿ ಒಂದು ಬೆರಳು ಹಿಡಿದ್ರೆ ಸಾಕು, ತಡೆಯೋಕಾಗಲ್ಲ. ಮೊದಲು ಹಿಡಿದ ದರಕ್ಕೇ ಹೂಂ ಅಂದು ಕೈ ಬಿಡಿಸ್ಕೊಂಡು ಬಂದುಬಿಡ್ತೀನಿ. ಅವರಿಗೂ ಗೊತ್ತು. ಅದಕ್ಕೇ ನನ್ನ ಕಂಡ್ರೆ ಮೊದಲು ಓಡಿ ಬರ್ತಾರೆ. ಈ ವರ್ಷ ದರ ಏರಿತ್ತಲ್ಲ, ಬೆರಳು ಜಾಸ್ತಿ ಹಿಡಿದ. ಸತ್ತೇ ಹೋಗ್ತೀನೇನೋ ಅಂದ್ಕೊಂಡೆ.”

ಕುರಿಗಾರ ಟವಲು ಮಡಚತೊಡಗಿದ.

“ನಿಮಗೆ ಕಾಣೋದು ನಗು ಭಾವ, ನಂಗೆ ಮನೇಲಿ ಬೈಗುಳ,” ಎಂದು ಆಚೆಯವನು ಮುಂದುವರಿಸಿದ. “ನನ್ನ ಹೆಂಡತಿ ಹೇಳ್ತಾನೇ ಇರ್ತಾಳೆ: ಈಚೆ ದಡದ ಅಣ್ಣನ್ನ ನೋಡಿ ಕಲೀರಿ, ಕಲ್ಲಿನ ಹಾಗೆ ಮುಖ ಇಟ್ಕೊಂಡು ಎಷ್ಟು ಹೊತ್ತು ನಿಲ್ತಾರೆ, ಅವರಿಗೆ ಅದೆಷ್ಟು ದರ ಸಿಗುತ್ತೋ ಅಂತ. ಹಗಲೆಲ್ಲ ನಿಮ್ಮ ಮನೆ ಕಡೆನೇ ನೋಡ್ತಿರ್ತಾಳೆ.”

ಬಾಗಿಲ ಹಿಂದೆ ಕುರಿಗಾರನ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡಳು. ಅವಳು ನಕ್ಕಳೋ ಅತ್ತಳೋ ಕುರಿಗಾರ ತಿರುಗಿ ನೋಡಲಿಲ್ಲ.

ದರವನ್ನು ಬಾಯಲ್ಲೇ ಮಾತಾಡಿದರು. ಕುರಿಗಳು ಹಳ್ಳ ದಾಟಿದವು. ಇಷ್ಟು ವರ್ಷ ಸಾಕಿದವನ ಕಡೆ ಒಂದೂ ತಿರುಗಲಿಲ್ಲ. ಆಚೆ ದಡದಲ್ಲಿ ಹುಲ್ಲಿತ್ತು. ರೊಪ್ಪದಲ್ಲಿ ಟಗರುಗಳು ಉಳಿದವು. ಕುರಿಯಿಲ್ಲದ ರೊಪ್ಪದಲ್ಲಿ ಅವು ಒಂದನ್ನೊಂದು ಗುದ್ದಿಕೊಂಡು ಕಾಲ ಕಳೆದವು.

“ಈಗಲಾದ್ರೂ ಸಮಾಧಾನ ಆಯ್ತಾ?” ಎಂದು ಹೆಂಡತಿ ಕೇಳಿದಳು. “ಅವರ ದರ ನಿಮ್ಮದಕ್ಕಿಂತ ಯಾವತ್ತೂ ಹೆಚ್ಚಿರಲಿಲ್ಲವಂತಲ್ಲ.”

ಕುರಿಗಾರ ಎಡಗೈಯ ಬೆರಳಿನಿಂದ ತನ್ನ ಬಲ ಅಂಗೈಯನ್ನು ಕೆರೆದು ನೋಡಿದ. ಏನೂ ಆಗಲಿಲ್ಲ. ಇನ್ನೊಮ್ಮೆ, ಇನ್ನೂ ಮೆಲ್ಲಗೆ ಕೆರೆದ.

“ಎಲ್ಲಾನೂ ದೇವರು ಅವನಿಗೇ ಕೊಟ್ಟಿದಾನೆ,” ಎಂದ. “ಕಚಗುಳಿ ಕೂಡ.”

ಗುರುಗಳು ಇಲ್ಲಿಗೆ ಕತೆ ಬಿಟ್ಟು ಕಂಬಳಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. ಅಂಗಳದಲ್ಲಿ ಎರಡು ಹಿಂಡುಗಳ ಟಗರುಗಳು ಒಂದೇ ತೊಟ್ಟಿಗೆ ಮೂತಿ ಹಾಕಿ ನೀರು ಕುಡಿಯುತ್ತಿದ್ದವು.

ಶಿಷ್ಯನ ಮುಖದ ಒಂದು ಗೆರೆಯೂ ಅಲುಗಿರಲಿಲ್ಲ. ಅವನು ಹುಬ್ಬು ಗಂಟಿಕ್ಕಿಕೊಂಡು ಸ್ವಲ್ಪ ಹೊತ್ತು ಮನಸ್ಸಿನಲ್ಲೇ ಏನನ್ನೋ ಕೂಡಿಸಿ ಕಳೆದ.

“ಎಲ್ಲ ಸರಿ ಗುರುಗಳೇ,” ಎಂದ ಕೊನೆಗೆ. “ಆ ಆಚೆಯವನಿಗೆ ಮೊದಲು ಹಿಡಿದ ದರ ಅಂದರಲ್ಲ, ಅದು ನಿಜವಾಗಿ ಎಷ್ಟಿತ್ತು?”

ಗುರುಗಳು ಕಂಬಳಿಯಿಂದ ಒಂದು ಮುಳ್ಳು ಕಿತ್ತು, ಬೆಳಕಿಗೆ ಹಿಡಿದು ನೋಡಿ, ಅಂಗಳಕ್ಕೆ ಎಸೆದರು.

“ನಿನ್ನೆ ಜುಂಜಯ್ಯನಿಗೂ ಇದೇ ಕತೆ ಹೇಳಿದೆ, ಅವನು ನಕ್ಕು ಎದ್ದುಹೋದ.”